ಒಂದೇ ಬಾಗಿಲು

ನಮ್ಮ ಬೇಸಿಗೆ ಶಿಬಿರದ ಮೊದಲ ದಿನದ ಮೊದಲ ಆಟ ಯಾವುದೆಂದು ಈ ಸ್ಮರಣ ಸಂಚಿಕೆ ಹಿಡಿದವರಿಗೆ ಹೇಳಬೇಕಾಗಿಲ್ಲ. ಮಕ್ಕಳು ಇಬ್ಬಿಬ್ಬರಾಗಿ ಎದುರುಬದುರು ನಿಲ್ಲುತ್ತಾರೆ. ಒಬ್ಬರು ಮನುಷ್ಯ, ಇನ್ನೊಬ್ಬರು ಕನ್ನಡಿ. ಮನುಷ್ಯ ಹಲ್ಲುಜ್ಜಿದರೆ ಕನ್ನಡಿಯೂ ಉಜ್ಜಬೇಕು, ಮನುಷ್ಯ ಆಕಳಿಸಿದರೆ ಕನ್ನಡಿಯೂ ಬಾಯಿ ತೆರೆಯಬೇಕು. ಸ್ವಲ್ಪ ಹೊತ್ತಿಗೆ ಮೇಷ್ಟ್ರು ‘ಅದಲುಬದಲು’ ಎಂದು ಕೂಗುತ್ತಾರೆ. ಇನ್ನೂ ಸ್ವಲ್ಪ ಹೊತ್ತಿಗೆ ಯಾರು ಮನುಷ್ಯ, ಯಾರು ಕನ್ನಡಿ ಎಂಬುದು ನೋಡುವವರಿಗೂ ತಿಳಿಯದು, ಆಡುವವರಿಗೂ ತಿಳಿಯದು. ಬೆಳಿಗ್ಗೆ ಗೇಟಿನ ಬಳಿ ಅಮ್ಮನ ಚೂಡಿದಾರದ ವೇಲು ಬಿಡದೆ ಅತ್ತ ಮಗು ಅಷ್ಟರಲ್ಲಿ ಯಾರದೋ ಮೂಗಿಗೆ ಮೂಗು ತಾಗಿಸಿ ನಿಂತಿರುತ್ತದೆ.

ಸಂಪಾದಕರು ನನ್ನನ್ನು ಕೇಳಿದ್ದು ಶಿಬಿರದ ಇತಿಹಾಸ. ಅದನ್ನು ನನಗಿಂತ ಚೆನ್ನಾಗಿ ಬಲ್ಲವರು ಇದೇ ಸಂಚಿಕೆಯಲ್ಲಿ ಬರೆದಿದ್ದಾರೆ. ಮಕ್ಕಳ ರಂಗಭೂಮಿಯಲ್ಲಿ ನಮಗಿರುವ ಮನೆಸಾಲ ಬಿ.ವಿ. ಕಾರಂತರದು, ಪ್ರೇಮಾ ಕಾರಂತರದು. ಅದೂ ಈ ಪುಟಗಳಲ್ಲಿ ಬೇರೆ ಕಡೆ ಸಂದಿದೆ. ಹಾಗಾಗಿ ನಾನು ಒಪ್ಪಿಕೊಂಡದ್ದು ದೂರದ ಸಾಲವೊಂದರ ಲೆಕ್ಕ. ಕನ್ನಡಿಯಾಟವನ್ನು ರಂಗಪಾಠವೆಂದು ಅಚ್ಚು ಹಾಕಿಸಿ ಜಗತ್ತಿನ ತಾಲೀಮು ಕೋಣೆಗಳಿಗೆಲ್ಲ ತಲುಪಿಸಿದ ಹೆಂಗಸು ಕೆಲಸ ಕಲಿತದ್ದು ಅಮೆರಿಕದ ಶಿಕಾಗೋ ನಗರದ ಒಂದು ಮನೆಯಲ್ಲಿ. ಬಡ ಕೇರಿಯ ನಡುವಿದ್ದ ಆ ಮನೆಯಲ್ಲಿ ನಗರದ ಮಕ್ಕಳಿಗೂ ಅವರ ಅಪ್ಪ ಅಮ್ಮಂದಿರಿಗೂ ಹಾಡು, ಚಿತ್ರ, ನಾಟಕಗಳನ್ನು ದಶಕಗಳ ಕಾಲ ಕಲಿಸಿದರು. ಆ ಮನೆಯ ಹೆಸರು ಹಲ್ ಹೌಸ್.

ಹೆಸರಿಗೆ ದೊಡ್ಡ ಅರ್ಥವೇನಿಲ್ಲ. ಚಾರ್ಲ್ಸ್ ಹಲ್ ಎಂಬ ಜಮೀನು ವ್ಯಾಪಾರಿ 1856ರಲ್ಲಿ ಹಾಲ್‌ಸ್ಟೆಡ್ ಬೀದಿಯಲ್ಲಿ ಕಟ್ಟಿಸಿದ ಇಟ್ಟಿಗೆಯ ಮನೆ ಅದು. ಆಗ ಅದು ಊರ ಹೊರಗಿನ ಬಂಗಲೆ. ಮೂವತ್ತು ವರ್ಷದಲ್ಲಿ ಶಿಕಾಗೋ ಅದನ್ನು ದಾಟಿ ಬೆಳೆಯಿತು. ಇಟಲಿ, ಜರ್ಮನಿ, ಐರ್ಲೆಂಡ್, ಬೊಹಿಮಿಯ, ಪೋಲೆಂಡ್, ರಷ್ಯಾಗಳಿಂದ ಬಂದ ಕೂಲಿಕಾರರ ವಠಾರಗಳು ಸುತ್ತ ಮುತ್ತಿಕೊಂಡವು. ಇಬ್ಬರು ಹೆಂಗಸರು ಅದನ್ನು ಹುಡುಕಿಕೊಂಡು ಹೋದಾಗ ಮನೆಯ ಒಂದು ಪಕ್ಕ ಹೆಂಡದಂಗಡಿ, ಇನ್ನೊಂದು ಪಕ್ಕ ಶವಸಂಸ್ಕಾರದ ಸಾಮಾನಿನವರು. ಮಹಡಿಯ ಅಟ್ಟದಲ್ಲಿ ದೆವ್ವವಿದೆಯೆಂದು ಬಾಡಿಗೆಯವರು ಮೆಟ್ಟಿಲ ಮೇಲೆ ಒಂದು ಹೂಜಿ ನೀರು ಇಟ್ಟಿರುತ್ತಿದ್ದರಂತೆ. ದೆವ್ವ ನೀರು ದಾಟುವುದಿಲ್ಲ ಎಂಬ ನಂಬಿಕೆ.

ಆ ಇಬ್ಬರು ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್, ಕಾಲೇಜಿನ ಗೆಳತಿಯರು. ಇಬ್ಬರಿಗೂ ಆಗ ಮೂವತ್ತರ ಆಸುಪಾಸು. ಆಡಮ್ಸ್ ಕೈಯಲ್ಲಿ ತಂದೆ ಬಿಟ್ಟುಹೋದ ಆಸ್ತಿಯಿತ್ತು. ಮಾಡಲು ಕೆಲಸವಿರಲಿಲ್ಲ, ಆ ನಿರುದ್ಯೋಗ ಆಕೆಯನ್ನು ಕೊರೆಯುತ್ತಿತ್ತು. 1888ರಲ್ಲಿ ಲಂಡನ್ನಿನ ವೈಟ್‌ಚಾಪಲ್‌ನಲ್ಲಿದ್ದ ಟಾಯ್ನ್‌ಬೀ ಹಾಲ್ ನೋಡಿಬಂದರು. ಅದು 1884ರಲ್ಲಿ ಪಾದ್ರಿ ಸ್ಯಾಮ್ಯುಯೆಲ್ ಬಾರ್ನೆಟ್ ಮತ್ತು ಅವರ ಹೆಂಡತಿ ಹೆನ್ರಿಯೆಟಾ ಶುರುಮಾಡಿದ್ದು. ಓದಿದ ಹುಡುಗರು ಬಡವರ ಕೇರಿಯಲ್ಲೇ ಬಿಡಾರ ಹೂಡಿ ನೆರೆಯವರಾಗಿ ಬದುಕುವ ಏರ್ಪಾಡು. ಇದಕ್ಕೆ ಇಂಗ್ಲಿಷಿನಲ್ಲಿ ಸೆಟ್ಲ್‌ಮೆಂಟ್ ಎನ್ನುತ್ತಿದ್ದರು. ‘ನೆಲೆ’ ಎಂದರೆ ನಮಗೆ ಸಾಕು. 1889ರ ಸೆಪ್ಟೆಂಬರ್ 18ರಂದು ಆಡಮ್ಸ್, ಸ್ಟಾರ್, ಮನೆಗೆಲಸ ನೋಡಿಕೊಳ್ಳುತ್ತಿದ್ದ ಮೇರಿ ಕೀಸರ್, ಈ ಮೂವರು ಹಾಲ್‌ಸ್ಟೆಡ್ ಬೀದಿಯ ಮನೆಗೆ ಸಾಮಾನು ಇಳಿಸಿದರು.

ಸಾಮಾನಿನ ವಿಷಯದಲ್ಲಿ ಒಂದು ಮಾತಿದೆ. ಬಡವರ ನಡುವೆ ಇರಲು ಹೋಗುವವರು ಬಡವರಂತೆ ಕಾಣಲು ಚಾಪೆ ಸುತ್ತಿಕೊಂಡು ಹೋಗುವುದು ನಮ್ಮ ಕಡೆಯ ರೂಢಿ. ಆಡಮ್ಸ್ ಹಾಗೆ ಮಾಡಲಿಲ್ಲ. ತನ್ನ ಸ್ವಂತ ಮನೆಯನ್ನು ಹೇಗೆ ಜೋಡಿಸುತ್ತಿದ್ದರೋ ಹಾಗೆಯೇ ಜೋಡಿಸಿದರು: ತವರಿನ ಒಳ್ಳೆಯ ಮರದ ಪೀಠೋಪಕರಣ, ಯೂರೋಪಿನಿಂದ ತಂದ ಚಿತ್ರಗಳ ಪ್ರತಿಗಳು. ಚೆಂದದ್ದನ್ನು ನೋಡುವ ಹಕ್ಕು ನೆರೆಯವರಿಗೂ ಇದೆ ಎಂಬುದು ಗೆಳತಿಯರಿಬ್ಬರ ನಿಲುವಾಗಿತ್ತು. ಮೊದಲ ದಿನಗಳಲ್ಲೇ ಶಿಶುವಿಹಾರ ಶುರುವಾಯಿತು.

ಆ ಮಕ್ಕಳು ಯಾರು ಎಂದು ತಿಳಿಯಲು ಮೊದಲ ಕ್ರಿಸ್‌ಮಸ್ಸಿನ ಸಂಗತಿ ಸಾಕು. ಹಬ್ಬದ ಸಂಜೆ ಪೆಪ್ಪರ್‌ಮೆಂಟು ಹಂಚಿದಾಗ ಕೆಲವು ಪುಟ್ಟ ಹುಡುಗಿಯರು ಬೇಡವೆಂದರು. ಅವರು ಕೆಲಸ ಮಾಡುತ್ತಿದ್ದುದೇ ಮಿಠಾಯಿ ಕಾರ್ಖಾನೆಯಲ್ಲಿ. ಹಬ್ಬಕ್ಕೆ ಮುಂಚಿನ ಆರು ವಾರ ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ ಅದನ್ನೇ ಕಟ್ಟಿ ಕಟ್ಟಿ ಅವರಿಗೆ ಮಿಠಾಯಿ ಕಂಡರೆ ಆಗುತ್ತಿರಲಿಲ್ಲ. ಆಡಮ್ಸ್ ತಮ್ಮ ‘ಟ್ವೆಂಟಿ ಇಯರ್ಸ್ ಅಟ್ ಹಲ್ ಹೌಸ್’ ಪುಸ್ತಕದಲ್ಲಿ (1910) ಇದನ್ನು ಬರೆದಿದ್ದಾರೆ. ಈ ಮನೆಯ ಹಾಡಿನ ಕ್ಲಾಸನ್ನೂ ನಾಟಕದ ಕ್ಲಾಸನ್ನೂ ಈ ಹುಡುಗಿಯರನ್ನು ಮರೆತು ಓದಬಾರದು. ಹಲ್ ಹೌಸಿನ ನಿವಾಸಿ ಫ್ಲಾರೆನ್ಸ್ ಕೆಲ್ಲಿಯ ಹೋರಾಟದಿಂದ 1893ರಲ್ಲಿ ಇಲಿನಾಯ್ ರಾಜ್ಯಕ್ಕೆ ಕಾರ್ಖಾನೆ ಕಾಯಿದೆ ಬಂತು. ಹದಿನಾಲ್ಕರ ಕೆಳಗಿನ ಮಕ್ಕಳನ್ನು ಕಾರ್ಖಾನೆಗೆ ಸೇರಿಸುವಂತಿಲ್ಲ ಎಂದಾಯಿತು. ಆಕೆಯೇ ಮೊದಲ ಮುಖ್ಯ ಕಾರ್ಖಾನೆ ತನಿಖಾಧಿಕಾರಿಯಾದರು. 1895ರಲ್ಲಿ ಆಡಮ್ಸ್ ಆ ವಾರ್ಡಿನ ಕಸದ ಇನ್‌ಸ್ಪೆಕ್ಟರ್ ಆದರು. ಬೆಳಗಾಗುವ ಮುಂಚೆ ಎದ್ದು ಕಸದ ಗಾಡಿಗಳ ಹಿಂದೆ ಹೋಗುವುದು, ಸಂಜೆ ಬಂದು ಮಕ್ಕಳ ಹಾಡು ಕೇಳುವುದು. ಎರಡೂ ಒಂದೇ ಕೆಲಸವೆಂದು ಆ ಮನೆಯವರು ತಿಳಿದಿದ್ದರು.

ನೆಲೆಗೆ ಹೊಸದಾಗಿ ಕಟ್ಟಿದ ಮೊದಲ ಕಟ್ಟಡ ಚಿತ್ರಶಾಲೆ. ಆಸ್ಪತ್ರೆಯಲ್ಲ, ಗಂಜಿಕೇಂದ್ರವಲ್ಲ, ಚಿತ್ರಶಾಲೆ. ಎಡ್ವರ್ಡ್ ಬಟ್ಲರ್ ಎಂಬ ವ್ಯಾಪಾರಿ ಕೊಟ್ಟ 5,000 ಡಾಲರಿನಲ್ಲಿ 1891ರಲ್ಲಿ ಎದ್ದಿತು. ಕೆಳಗೆ ವಾಚನಾಲಯ, ಮೇಲೆ ಚಿತ್ರ ತೂಗುಹಾಕುವ ಕೋಣೆ, ಚಿತ್ರ ಕಲಿಯುವ ಕೋಣೆ. ಅಲ್ಲಿ ಎನೆಲಾ ಬೆನೆಡಿಕ್ಟ್ ಸುಮಾರು ಅರ್ಧ ಶತಮಾನ ಕಲಿಸಿದರು. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟಿನಲ್ಲೂ ಪಾಠ ಹೇಳುತ್ತಿದ್ದ ಕಲಾವಿದೆ ಇವರು. ಊರಿನ ದೊಡ್ಡ ಕಲಾಶಾಲೆಯ ಗುರುವೇ ಕೂಲಿಕಾರನ ಮಗಳಿಗೂ ಕುಂಚ ಹಿಡಿಸಬೇಕು ಎಂಬುದು ಅಲ್ಲಿಯ ಪದ್ಧತಿ. ‘ಇವರಿಗೆ ಇಷ್ಟು ಸಾಕು’ ಎಂದು ಎರಡನೆಯ ದರ್ಜೆಯ ಗುರುಗಳನ್ನು ಬಡ ಮಕ್ಕಳಿಗೆ ದಾಟಿಸುವ ಚಾಳಿಯನ್ನು ಎಷ್ಟೋ ಸಂಘಗಳಲ್ಲಿ ಕಂಡಿದ್ದೇನೆ. ಆದ್ದರಿಂದ ಈ ಒಂದು ಸಂಗತಿಯನ್ನು ಒತ್ತಿ ಬರೆಯುತ್ತಿದ್ದೇನೆ.

ಸಂಗೀತದಲ್ಲೂ ಹಾಗೆಯೇ. 1893ರಲ್ಲಿ ಶುರುವಾದ ಹಲ್ ಹೌಸ್ ಸಂಗೀತ ಶಾಲೆಯನ್ನು ಎಲಿನಾರ್ ಸ್ಮಿತ್ ನಾಲ್ಕು ದಶಕ ನಡೆಸಿದರು. ಮಕ್ಕಳ ಹಾಡಿನ ಪುಸ್ತಕಗಳಿಗೆ ಆಕೆ ಅಮೆರಿಕದಲ್ಲಿ ಹೆಸರಾದವರು. ಆಡಮ್ಸ್ ಆ ಶಾಲೆಯ ಉದ್ದೇಶವನ್ನು ಮುಚ್ಚಿಡದೆ ಹೇಳುತ್ತಾರೆ: ಕಡಿಮೆ ಮಕ್ಕಳು, ಗಟ್ಟಿ ಪಾಠ. ಎಲ್ಲರಿಗೂ ಒಂದೊಂದು ತುತ್ತು ಹಂಚುವುದಕ್ಕಿಂತ ಕೆಲವರಿಗೆ ಹೊಟ್ಟೆತುಂಬ ಬಡಿಸುವುದು. ಇದು ಸರಿಯೇ ಎಂಬ ಜಗಳ ಇಂದಿಗೂ ಇದೆ. ನಮ್ಮ ಸಮಿತಿಯಲ್ಲೂ ಪ್ರತಿ ಮಾರ್ಚಿನಲ್ಲಿ ನಡೆಯುತ್ತದೆ. ನಾನು ಎಲಿನಾರ್ ಸ್ಮಿತ್ ಪಕ್ಷ. ಆದರೆ ಹಾಲ್‌ಸ್ಟೆಡ್ ಬೀದಿಯಲ್ಲಿ ಆ ಪಕ್ಷಕ್ಕೂ ಸೋಲಿತ್ತು. ವರ್ಷಗಟ್ಟಲೆ ಪಾಠ ಮಾಡಿದ ಮಕ್ಕಳು ಹದಿನಾಲ್ಕು ತುಂಬಿದೊಡನೆ ದುಡಿಮೆಗೆ ಹೋಗುತ್ತಿದ್ದರು. ಬೆರಳು ಒರಟಾಗುತ್ತಿತ್ತು, ದನಿ ಸೊರಗುತ್ತಿತ್ತು. ಆಡಮ್ಸ್ ಈ ನಷ್ಟವನ್ನು ನೋವಿನಿಂದ ದಾಖಲಿಸಿದ್ದಾರೆ.

ಹಲ್ ಹೌಸಿಗೆ ಇಪ್ಪತ್ತೈದು ತುಂಬಿದಾಗ ಅವರೂ ಒಂದು ಸ್ಮರಣೆಯ ಪುಸ್ತಕ ತಂದರು. ಅದರಲ್ಲಿ ಗಣ್ಯರ ಸಂದೇಶಗಳಿರಲಿಲ್ಲ (ಸಂಪಾದಕರು ಕ್ಷಮಿಸಬೇಕು). ‘ಹಲ್ ಹೌಸ್ ಸಾಂಗ್ಸ್’ ಎಂಬ ಆ ಪುಸ್ತಕ 1915ರಲ್ಲಿ ಬಂತು. ಎಲಿನಾರ್ ಸ್ಮಿತ್ ರಾಗ ಹಾಕಿದ ಐದು ಹಾಡು, ಅಷ್ಟೇ. ಹೊಲಿಗೆ ಕಾರ್ಖಾನೆಯ ಬೆವರಿನ ಮೇಲೆ, ಗಣಿಯ ಕತ್ತಲಿನ ಮೇಲೆ, ದುಡಿಯುವ ಮಕ್ಕಳ ಮೇಲೆ, ಹೆಂಗಸರ ಮತದ ಹಕ್ಕಿನ ಮೇಲೆ ಹಾಡುಗಳು. ಹೊಲಿಗೆಯ ಹಾಡಿಗೆ ಪದ್ಯ ಕೊಟ್ಟವರು ಯಿಡ್ಡಿಷ್ ಭಾಷೆಯ ಕವಿ ಮಾರಿಸ್ ರೋಸೆನ್‌ಫೆಲ್ಡ್. ಅವರು ಸ್ವತಃ ಹೊಲಿಗೆ ಯಂತ್ರದ ಮುಂದೆ ಸವೆದವರು.

ಇನ್ನು ನಾನು ಹೇಳಲೇಬೇಕಾದ ಕತೆ. ಈ ಲೇಖನಕ್ಕೆ ಹೆಸರು ಕೊಟ್ಟದ್ದೂ ಅದೇ.

ವಲಸೆ ಬಂದ ಮನೆಗಳಲ್ಲಿ ಒಂದು ಮುಜುಗರ ಮನೆಮಾಡಿತ್ತು. ಮಕ್ಕಳು ಶಾಲೆಗೆ ಹೋಗಿ ಇಂಗ್ಲಿಷ್ ಕಲಿತರು, ಟೋಪಿ ತೊಟ್ಟರು. ಅಮ್ಮಂದಿರು ಊರಿನ ಲಂಗ, ತಲೆವಸ್ತ್ರದಲ್ಲೇ ಉಳಿದರು. ಅಮ್ಮ ಬೀದಿಯಲ್ಲಿ ಜೊತೆಗೆ ಬಂದರೆ ಮಗಳಿಗೆ ನಾಚಿಕೆ. ಬೆಂಗಳೂರಿನ ಶಾಲೆಗಳ ಗೇಟಿನ ಬಳಿ ನಿಂತವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ದಿನ ಆಡಮ್ಸ್ ಬೀದಿಯಲ್ಲಿ ಹೋಗುತ್ತಿರುವಾಗ ಇಟಲಿಯ ಮುದುಕಿಯೊಬ್ಬಳು ಮೆಟ್ಟಿಲ ಮೇಲೆ ಕೂತು ಕದಿರಿನಿಂದ ನೂಲು ತೆಗೆಯುತ್ತಿದ್ದಳು. ರಾಟೆಯಲ್ಲ, ಬರಿಯ ಕಡ್ಡಿ. ನಮ್ಮ ಹಿರಿಯರು ಶಾಲೆಯಲ್ಲಿ ತಿರುಗಿಸಿದ ತಕಲಿಯ ಬಳಗ. ಅಮ್ಮಂದಿರ ಕೈಯಲ್ಲಿರುವುದನ್ನು ಮಕ್ಕಳ ಕಣ್ಣಿಗೆ ಕಾಣಿಸಬೇಕೆಂದು ಆಡಮ್ಸ್‌ಗೆ ಹೊಳೆಯಿತು. 1900ರಲ್ಲಿ ಹಲ್ ಹೌಸಿನೊಳಗೆ ‘ದುಡಿಮೆಯ ಮ್ಯೂಸಿಯಂ’ ತೆರೆಯಿತು. ಗಾಜಿನ ಪೆಟ್ಟಿಗೆಯ ಮ್ಯೂಸಿಯಂ ಅಲ್ಲ. ಇಟಲಿ, ಸಿರಿಯಾ, ರಷ್ಯಾ, ಐರ್ಲೆಂಡಿನ ಹೆಂಗಸರು ಶನಿವಾರ ಸಂಜೆ ಬಂದು ಎಲ್ಲರ ಎದುರು ನೂಲುತ್ತಿದ್ದರು, ನೇಯುತ್ತಿದ್ದರು.

ಏಂಜಲೀನಾ ಎಂಬ ಹುಡುಗಿ ಅದೇ ಶನಿವಾರ ಸಂಜೆ ಅಡುಗೆ ಕ್ಲಾಸಿಗೆ ಬರುತ್ತಿದ್ದಳು. ಅವಳ ಅಮ್ಮ ಮ್ಯೂಸಿಯಮ್ಮಿನಲ್ಲಿ ನೂಲುತ್ತಿದ್ದಳು. ಇಬ್ಬರೂ ಒಂದೇ ಮನೆಯಿಂದ ಹೊರಟು ಒಂದೇ ಕಟ್ಟಡಕ್ಕೆ ಬಂದರೂ ಮಗಳು ಬೇರೆ ಬಾಗಿಲಿನಿಂದ ಒಳಗೆ ಹೋಗುತ್ತಿದ್ದಳು. ತಲೆವಸ್ತ್ರದ ಆ ಹೆಂಗಸು ತನ್ನ ತಾಯಿ ಎಂದು ಗೆಳತಿಯರಿಗೆ ತಿಳಿಯಬಾರದು! ಒಂದು ಸಂಜೆ ಅವಳು ಇಣುಕಿ ನೋಡಿದಾಗ ಅಮ್ಮನ ಸುತ್ತ ಒಂದು ಗುಂಪು ನಿಂತಿತ್ತು. ವಿಶ್ವವಿದ್ಯಾಲಯದ ಶಿಕ್ಷಣ ವಿಭಾಗದಿಂದ ಬಂದವರು ಆ ನೂಲುವಿಕೆಗೆ ಬೆರಗಾಗಿದ್ದರು. ಅಮೆರಿಕದಲ್ಲೇ ಕಡ್ಡಿ ಕದಿರಿನಲ್ಲಿ ಇವಳಷ್ಟು ಚೆನ್ನಾಗಿ ನೂಲುವವರಿಲ್ಲ ಎಂಬರ್ಥದ ಮಾತು ಹುಡುಗಿಯ ಕಿವಿಗೆ ಬಿತ್ತು. ಅದು ನಿಜವೇ ಎಂದು ಅವಳು ಆಡಮ್ಸ್‌ರನ್ನು ಕೇಳಿದಳು. ಆಡಮ್ಸ್ ಆ ಅಮ್ಮ ಬಿಟ್ಟುಬಂದ ಹಳ್ಳಿಯ ಕತೆ ಹೇಳಿದರು. ನೆರೆಹೊರೆಯಿಲ್ಲದ ಈ ಊರಿನಲ್ಲಿ ಆಕೆ ಕಳೆದುಕೊಂಡದ್ದೇನು, ಕೈಯಲ್ಲಿ ಉಳಿಸಿಕೊಂಡದ್ದೇನು ಎಂದು ತಿಳಿಸಿದರು.

ಆಮೇಲೆ ಮನೆಯಲ್ಲಿ ಮಂಚದ ಕೆಳಗಿನ ದೊಡ್ಡ ಪೆಟ್ಟಿಗೆ ಹೊರಗೆ ಬಂತು. ಒರಟು, ಹಳ್ಳಿಗುಗ್ಗು ಎಂದು ಬಚ್ಚಿಟ್ಟಿದ್ದ ಕೈನೂಲಿನ ಬಟ್ಟೆಗಳನ್ನು ಅಮ್ಮ ತೆಗೆದು ಹರಡಲು ಮಗಳು ಒಪ್ಪಿದಳು. ಮುಂದಿನ ಸಲ ಅವಳು ಅಮ್ಮನ ಬಾಗಿಲಿನಿಂದಲೇ ಮ್ಯೂಸಿಯಮ್ಮಿಗೆ ಬಂದಳು.

ಹಲ್ ಹೌಸಿನ ಬಗ್ಗೆ ಓದಿದ್ದರಲ್ಲಿ ನನಗೆ ಇದಕ್ಕಿಂತ ದೊಡ್ಡ ಸಾಧನೆ ಸಿಕ್ಕಿಲ್ಲ. ನಮ್ಮ ಶಿಬಿರದಲ್ಲಿ ತಾಯಿ ತಂದೆಯರ ಜಾಗ ಗೇಟಿನ ಹೊರಗಿನ ಸ್ಕೂಟರ್ ಸೀಟು. ಕೊನೆಯ ದಿನ ಮಾತ್ರ ಕುರ್ಚಿ ಕೊಡುತ್ತೇವೆ, ಮೊಬೈಲು ಹಿಡಿದು ಚಿತ್ರ ತೆಗೆಯಲು. ಬೀಸುವ ಪದ ಬಲ್ಲ ಅಜ್ಜಿಯರು, ತಮಟೆ ಬಾರಿಸುವ ಅಪ್ಪಂದಿರು ಈ ಊರಿನ ಎಷ್ಟು ಗಲ್ಲಿಗಳಲ್ಲಿದ್ದಾರೆ! ಅವರನ್ನು ಮಕ್ಕಳ ಮುಂದೆ ಗುರುಗಳಾಗಿ ಕೂರಿಸೋಣ ಎಂದು ನಾನು ಸಮಿತಿಯಲ್ಲಿ ಹೇಳುತ್ತ ಬಂದದ್ದು ಈ ಕತೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ.

ನಾಟಕದ ಮಾತಿಗೆ ಬಂದರೆ, 1899ರಲ್ಲಿ ಅಲ್ಲಿ ಹೊಸ ಸಭಾಂಗಣ ಸಿದ್ಧವಾಯಿತು. ಸುತ್ತಲಿನ ಗ್ರೀಕರು ಹಣ್ಣು ಮಾರುವವರು, ಕೂಲಿಯವರು. ಅಮೆರಿಕನ್ನರಿಗೆ ತಮ್ಮ ಹಿರಿಮೆ ಗೊತ್ತಿಲ್ಲವಲ್ಲ ಎಂಬ ಕೊರಗು ಅವರಿಗಿತ್ತು. ಅದೇ ವರ್ಷ ಅವರು ಒಡಿಸ್ಯೂಸ್ ಊರಿಗೆ ಮರಳಿದ ಕತೆ ಆಡಿದರು. 1903ರಲ್ಲಿ ಸೊಫೊಕ್ಲಿಸ್‌ನ ‘ಏಜಾಕ್ಸ್’ ನಾಟಕವನ್ನು ಗ್ರೀಕ್ ಭಾಷೆಯಲ್ಲೇ ಆಡಿದರು. ದೊಡ್ಡವರ ತಂಡ ‘ಹಲ್ ಹೌಸ್ ಪ್ಲೇಯರ್ಸ್’ ಲಾರಾ ಡೇಂಟಿ ಪೆಲಮ್ ನೇತೃತ್ವದಲ್ಲಿ ಇಬ್ಸನ್, ಶಾ, ಗಾಲ್ಸ್‌ವರ್ದಿಯವರನ್ನು ಆಡಿತು. ತಾವೇ ದುಡಿದು ಕೂಡಿಟ್ಟ ಹಣದಲ್ಲಿ 1913ರಲ್ಲಿ ಐರ್ಲೆಂಡಿಗೆ ಹೋಗಿಬಂದಿತು. ಮಕ್ಕಳ ನಾಟಕವನ್ನು ಈಡಿತ್ ಡಿ ನ್ಯಾನ್‌ಕ್ರೀಡ್ ಸುಮಾರು ನಾಲ್ಕು ದಶಕ ನೋಡಿಕೊಂಡರು. ಚಿಕ್ಕಂದಿನಲ್ಲಿ ಸೇರಿದ ಗುಂಪನ್ನು ಚೆದುರದೆ ದೊಡ್ಡವರಾಗುವ ತನಕ ಒಟ್ಟಿಗೆ ಇಟ್ಟುಕೊಳ್ಳುವುದು ಅವರ ಕ್ರಮ.

ಹುಡುಗರಿಗೆ ಬ್ಯಾಂಡ್ ಇತ್ತು. ಲೂಯಿಸ್ ಬೋವೆನ್ ಎಂಬ ಶ್ರೀಮಂತೆ ಕಟ್ಟಿಸಿಕೊಟ್ಟ ಐದಂತಸ್ತಿನ ಹುಡುಗರ ಕ್ಲಬ್ಬಿನಲ್ಲಿ ಜೇಮ್ಸ್ ಸಿಲ್ವೆಸ್ಟರ್ ಕಲಿಸುತ್ತಿದ್ದರು. ಮ್ಯಾಕ್ಸ್‌ವೆಲ್ ಬೀದಿಯ ಕಡೆಯ ಯಹೂದಿ ದರ್ಜಿಯೊಬ್ಬರ ಮಕ್ಕಳು ಇಲ್ಲಿಗೆ ಬಂದು ಸೇರಿದ್ದು 1920ರ ಸುಮಾರಿಗೆ. ಆ ದರ್ಜಿಗೆ ಹನ್ನೆರಡು ಮಕ್ಕಳು. ಮೂವರು ಗಂಡುಮಕ್ಕಳು ಮೊದಲು ಹತ್ತಿರದ ಸಿನಗಾಗಿನ ಬ್ಯಾಂಡಿಗೆ ಹೋಗಿದ್ದರು. ಅಲ್ಲಿ ವಾದ್ಯ ಹಂಚುವಾಗ ತಾಳಜ್ಞಾನ, ರಾಗಜ್ಞಾನ ಯಾರೂ ಕೇಳಲಿಲ್ಲ, ಮೈಕಟ್ಟು ನೋಡಿದರು. ದೊಡ್ಡವನಿಗೆ ಟ್ಯೂಬಾ, ನಡುವಿನವನಿಗೆ ಟ್ರಂಪೆಟ್, ಎಲ್ಲರಿಗಿಂತ ಸಣ್ಣವನಿಗೆ ಹಗುರವಾದ ಕ್ಲಾರಿನೆಟ್. ಹಣವಿಲ್ಲದೆ ಆ ಬ್ಯಾಂಡ್ ನಿಂತಾಗ ಸಣ್ಣವನು ಹಲ್ ಹೌಸಿನ ಬ್ಯಾಂಡಿಗೆ ಬಂದ. ಬೆನ್ನಿ ಗುಡ್‌ಮನ್ ಆತನ ಹೆಸರು. 1938ರ ಜನವರಿ 16ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲಿನಲ್ಲಿ ಜಾಝ್ ನುಡಿಸಿ ಚರಿತ್ರೆಗೆ ಸೇರಿದ. ಮಗನ ಆ ದಿನವನ್ನು ನೋಡಲು ಅಪ್ಪ ಇರಲಿಲ್ಲ, 1926ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡಿದ್ದರು. ಇಂಥ ಸಂಸ್ಥೆಗಳ ಚರಿತ್ರೆ ಬರೆಯುವವರು ಗುಡ್‌ಮನ್ ಹೆಸರು ಬಂದ ಕೂಡಲೇ ಹಿಗ್ಗುತ್ತಾರೆ. ನನಗೆ ಹೆಚ್ಚು ಕಾಡುವುದು ಆ ಬ್ಯಾಂಡಿನಲ್ಲಿ ಟ್ಯೂಬಾ ಊದಿ ಆಮೇಲೆ ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ದುಡಿದ ಉಳಿದ ಹುಡುಗರು. ಬ್ಯಾಂಡ್ ನಡೆದದ್ದು ಅವರಿಂದ.

ಈಗ ಕನ್ನಡಿಯಾಟ. ಹಲ್ ಹೌಸಿನಲ್ಲಿ ನೀವಾ ಬಾಯ್ಡ್ ಎಂಬ ಸಮಾಜ ಕಾರ್ಯಕರ್ತೆ ಇದ್ದರು. ಮಕ್ಕಳ ಆಟಗಳನ್ನೂ ಜಾನಪದ ಕುಣಿತಗಳನ್ನೂ ಸಂಗ್ರಹಿಸಿ, ಆಟವೇ ಪಾಠ ಎಂದು ನಂಬಿದವರು. 1920ರ ದಶಕದಲ್ಲಿ ಅಲ್ಲೇ ಒಂದು ತರಬೇತಿ ಶಾಲೆ ನಡೆಸಿದರು. 1924ರಿಂದ 1927ರವರೆಗೆ ಅಲ್ಲಿ ಕಲಿತ ಹುಡುಗಿ ವಯೋಲಾ ಸ್ಪೋಲಿನ್, ಶಿಕಾಗೋದಲ್ಲೇ 1906ರಲ್ಲಿ ಹುಟ್ಟಿದವರು, ರಷ್ಯಾದಿಂದ ಬಂದ ಯಹೂದಿ ಕುಟುಂಬದವರು. 1930ರ ದಶಕದ ಕೊನೆಯಲ್ಲಿ ಆರ್ಥಿಕ ಕುಸಿತದ ನಡುವೆ ಸರ್ಕಾರದ ಉದ್ಯೋಗ ಯೋಜನೆಯಲ್ಲಿ ಅವರಿಗೆ ಮಕ್ಕಳಿಗೂ ನೆರೆಯವರಿಗೂ ನಾಟಕ ಕಲಿಸುವ ಕೆಲಸ ಸಿಕ್ಕಿತು. ಬಂದವರು ಹತ್ತಾರು ಭಾಷೆಯವರು. ‘ಭಾವ ತುಂಬಿ ಮಾತಾಡು’ ಎಂದರೆ ಅರ್ಥವಾಗದು, ಅರ್ಥವಾದವರು ಮರಗಟ್ಟುತ್ತಿದ್ದರು. ಸ್ಪೋಲಿನ್ ಉಪದೇಶ ಬಿಟ್ಟು ಆಟ ಕೊಟ್ಟರು.

ಅವರ ಒಂದು ಆಟ ನೋಡಿ. ಅರ್ಧ ಜನ ರಂಗದ ಮೇಲೆ ಸುಮ್ಮನೆ ನಿಲ್ಲಬೇಕು, ಉಳಿದರ್ಧ ಕೂತು ಅವರನ್ನು ನೋಡಬೇಕು. ನಿಂತವರು ಮೊದಲು ನಗುತ್ತಾರೆ, ಆಮೇಲೆ ಕಾಲು ಬದಲಿಸುತ್ತಾರೆ, ಕೈ ಎಲ್ಲಿಡಬೇಕೆಂದು ತಿಳಿಯದೆ ಬೆವರುತ್ತಾರೆ. ಆಗ ಗುರು ಒಂದು ಕೆಲಸ ಹೇಳುತ್ತಾರೆ: ನೆಲದ ಹಲಗೆಗಳನ್ನು ಎಣಿಸಿ. ಎಣಿಸತೊಡಗಿದ್ದೇ ತಡ, ಮೈ ಸಡಿಲವಾಗುತ್ತದೆ, ಕೈ ಅದರ ಜಾಗಕ್ಕೆ ಅದೇ ಬರುತ್ತದೆ. ರಂಗದ ಮೇಲಿನ ನಾಚಿಕೆಗೆ ಮದ್ದು ಧೈರ್ಯವಲ್ಲ, ಮಾಡಲು ಒಂದು ಕೆಲಸ. ನಮ್ಮ ಶಿಬಿರದಲ್ಲಿ ಇದೇ ಆಟಕ್ಕೆ ಹೆಂಚು ಎಣಿಸುತ್ತೇವೆ. ಹತ್ತು ನಿಮಿಷದಲ್ಲಿ ಮಕ್ಕಳು ಬದಲಾಗುವುದನ್ನು ನಾನು ಪ್ರತಿ ವರ್ಷ ನೋಡುತ್ತೇನೆ, ಪ್ರತಿ ವರ್ಷವೂ ನಂಬಲಾಗುವುದಿಲ್ಲ.

ಸ್ಪೋಲಿನ್ ಈ ಆಟಗಳನ್ನು 1963ರಲ್ಲಿ ‘ಇಂಪ್ರೊವೈಸೇಶನ್ ಫಾರ್ ದ ಥಿಯೇಟರ್’ ಎಂಬ ಪುಸ್ತಕವಾಗಿ ತಂದರು. ಅದರಲ್ಲಿ ಇನ್ನೂರಕ್ಕೂ ಹೆಚ್ಚು ಆಟಗಳಿವೆ, ಕನ್ನಡಿಯಾಟವೂ ಇದೆ. ಅವರ ಮಗ ಪಾಲ್ ಸಿಲ್ಸ್ ಆ ಹೊತ್ತಿಗೆ ಇವೇ ಆಟಗಳನ್ನು ಹಿಡಿದು 1959ರಲ್ಲಿ ಶಿಕಾಗೋದಲ್ಲಿ ‘ಸೆಕೆಂಡ್ ಸಿಟಿ’ ಎಂಬ ಆಶು ಹಾಸ್ಯದ ರಂಗತಂಡ ಕಟ್ಟಿಯಾಗಿತ್ತು. ಪ್ರೇಕ್ಷಕರು ಒಂದು ಸನ್ನಿವೇಶ ಕೂಗಿ ಹೇಳುವುದು, ನಟರು ನಿಂತ ನಿಲುವಿನಲ್ಲಿ ಅದನ್ನು ಆಡುವುದು. ಇಂದು ಜಗತ್ತಿನಾದ್ಯಂತ ಟಿಕೆಟ್ಟಿಟ್ಟು ತೋರಿಸುವ ಈ ಬಗೆಯ ಬೇರು ಹಾಲ್‌ಸ್ಟೆಡ್ ಬೀದಿಯ ಬಡ ಮಕ್ಕಳ ಆಟದಲ್ಲಿದೆ. ನಮ್ಮ ಶಿಬಿರಗಳಿಗೆ ಅದು ಯಾವ ಯಾವ ದಾರಿ ಸುತ್ತಿ ಬಂತೋ, ಗುರುವಿನಿಂದ ಶಿಷ್ಯನಿಗೆ ಬಾಯಿಂದ ಬಾಯಿಗೆ ಬಂತು. ಕಲಿಸುವ ಹುಡುಗರಲ್ಲಿ ಹೆಚ್ಚಿನವರು ಸ್ಪೋಲಿನ್ ಹೆಸರನ್ನೂ ಕೇಳಿಲ್ಲ. ಕುಂಟೆಬಿಲ್ಲೆಗೂ ಕರ್ತೃವಿನ ಹೆಸರಿಲ್ಲ, ಅದಕ್ಕೆ ನನಗೆ ತಕರಾರಿಲ್ಲ.

ಎಲ್ಲವೂ ಸುಖವಾಗಿತ್ತೆಂದು ಬರೆದರೆ ಸುಳ್ಳಾಗುತ್ತದೆ. ನೆಲೆ ಕಟ್ಟಿದ ಇಬ್ಬರಲ್ಲೇ ಒಡಕಿತ್ತು. ಜಗಳವಲ್ಲ, ನಂಬಿಕೆಯ ಒಡಕು. ಎಲೆನ್ ಸ್ಟಾರ್ 1894ರಲ್ಲಿ ಸರ್ಕಾರಿ ಶಾಲೆಗಳ ಗೋಡೆಗೆ ಒಳ್ಳೆಯ ಚಿತ್ರಗಳನ್ನು ಒದಗಿಸುವ ಸಂಘ ಕಟ್ಟಿದ್ದರು. ಲಂಡನ್ನಿಗೆ ಹೋಗಿ ಕೋಬ್ಡೆನ್-ಸ್ಯಾಂಡರ್ಸನ್ ಬಳಿ ಪುಸ್ತಕ ಕಟ್ಟುವ ಕಲೆ ಕಲಿತು ಬಂದಿದ್ದರು. ಆದರೆ ದಿನವಿಡೀ ಯಂತ್ರದ ಮುಂದೆ ನಿಂತವನಿಗೆ ಸಂಜೆ ಚಿತ್ರ ತೋರಿಸಿದರೆ ಏನು ಬಂತು ಎಂಬ ಪ್ರಶ್ನೆ ಅವರನ್ನು ಬಿಡಲಿಲ್ಲ. ದುಡಿಮೆಯೇ ಬದಲಾಗದೆ ಕಲೆ ಹುಟ್ಟದು ಎಂದು 1895ರಲ್ಲೇ ಬರೆದಿದ್ದರು. ಕೊನೆಗೆ ಮುಷ್ಕರಗಳ ಸಾಲಿನಲ್ಲಿ ನಿಂತರು. 1914ರಲ್ಲಿ ಹೋಟೆಲಿನ ಪರಿಚಾರಿಕೆಯರ ಮುಷ್ಕರದಲ್ಲಿ ಬಂಧನಕ್ಕೂ ಒಳಗಾದರು. ಆಡಮ್ಸ್ ಕೊನೆಯವರೆಗೆ ಎರಡೂ ಬೇಕು ಎಂದರು. ಯಾರು ಸರಿ? ಮಿಠಾಯಿ ಬೇಡವೆಂದ ಹುಡುಗಿಯರನ್ನು ನೆನೆದರೆ ಸ್ಟಾರ್ ಸರಿ ಎನಿಸುತ್ತದೆ. ಏಂಜಲೀನಾಳನ್ನು ನೆನೆದರೆ ಆಡಮ್ಸ್.

ಆಡಮ್ಸ್ ಮೊದಲ ಮಹಾಯುದ್ಧವನ್ನು ವಿರೋಧಿಸಿ ದೇಶದ್ರೋಹಿಯೆನಿಸಿಕೊಂಡರು, 1931ರಲ್ಲಿ ನೊಬೆಲ್ ಶಾಂತಿ ಪಾರಿತೋಷಕ ಹಂಚಿಕೊಂಡರು, 1935ರ ಮೇ 21ರಂದು ತೀರಿಕೊಂಡರು. ಅಷ್ಟರಲ್ಲಿ ಒಂದು ಮನೆ ಹದಿಮೂರು ಕಟ್ಟಡಗಳ ಸಂಕೀರ್ಣವಾಗಿತ್ತು. ಊರ ಹೊರಗೆ ವಾಕೀಗನ್‌ನಲ್ಲಿ 72 ಎಕರೆಯ ಬೇಸಿಗೆ ಶಿಬಿರದ ಜಾಗವೂ ಇತ್ತು. ವಠಾರದ ಮಕ್ಕಳು ತಂಡ ತಂಡವಾಗಿ ಅಲ್ಲಿಗೆ ಹೋಗಿ ಮರ, ಹುಲ್ಲು ಕಂಡು ಬರುತ್ತಿದ್ದರು. ಇಟಲಿಯವರು, ಯಹೂದಿಗಳು ಬೇರೆಡೆಗೆ ಸರಿದಂತೆ ಮೆಕ್ಸಿಕೋದವರು ಬಂದರು, ಅವರಿಗಾಗಿ ಕುಂಬಾರಿಕೆಯ ಗೂಡು ಬಂತು. ಆದರೆ ಅದೇ ಬೀದಿಗಳಿಗೆ ಬಂದ ಕಪ್ಪು ಜನರಿಗೆ ಬಾಗಿಲು ಅಷ್ಟು ಬೇಗ, ಅಷ್ಟು ಅಗಲ ತೆರೆಯಲಿಲ್ಲ. ಅಭಿಮಾನಿಗಳು ಬರೆಯುವ ಚರಿತ್ರೆಗಳಲ್ಲಿ ಈ ಸಾಲು ಬಿಟ್ಟುಹೋಗುವುದೇ ಹೆಚ್ಚು.

ಕಟ್ಟಡಗಳ ಕತೆ ಬೇಗ ಮುಗಿಯುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ಹೊಸ ಕ್ಯಾಂಪಸ್ಸಿಗೆ ಜಾಗ ಬೇಕಾಯಿತು. 1961ರಲ್ಲಿ ಇದೇ ಕೇರಿಯನ್ನು ಗುರುತು ಹಾಕಿದರು. ಹಲ್ ಹೌಸಿನ ನೆರಳಿನಲ್ಲೇ ಬೆಳೆದ ದರ್ಜಿಯ ಮಗಳು ಫ್ಲಾರೆನ್ಸ್ ಸ್ಕಾಲಾ ನೆರೆಯ ಹೆಂಗಸರನ್ನು ಕಟ್ಟಿಕೊಂಡು ನಗರಸಭೆಯ ಎದುರು ಕೂತರು, ಸುಪ್ರೀಂ ಕೋರ್ಟಿನವರೆಗೆ ಹೋದರು, ಸೋತರು. 1963ರಲ್ಲಿ ಕೆಡವಿದರು. ಹದಿಮೂರರಲ್ಲಿ ಉಳಿದದ್ದು ಎರಡು: ಹಲ್ ಕಟ್ಟಿಸಿದ ಹಳೆಯ ಮನೆ, ನಿವಾಸಿಗಳ ಊಟದ ಮನೆ. 1967ರಿಂದ ಅವು ಮ್ಯೂಸಿಯಂ. ಸ್ಪೋಲಿನ್ ಅವರ ಪುಸ್ತಕ ಬಂದ ವರ್ಷವೂ ಅದೇ 1963. ಗೋಡೆ ಬಿದ್ದ ವರ್ಷವೇ ಆಟ ಅಚ್ಚಾದದ್ದು ಬರಿಯ ಕಾಕತಾಳೀಯ ಎಂದು ಗೊತ್ತಿದ್ದರೂ ಪ್ರತಿ ಸಲ ಓದುವಾಗ ಬೆರಳು ಅಲ್ಲಿ ನಿಲ್ಲುತ್ತದೆ.

ಸಂಸ್ಥೆ ಮಾತ್ರ ಮುಂದುವರಿಯಿತು. ಊರಿನ ಬೇರೆ ಬೇರೆ ಕಡೆ ಕೇಂದ್ರ ತೆರೆಯಿತು. ಮಕ್ಕಳ ಪಾಲನೆ, ವೃದ್ಧರ ಸೇವೆ, ಅನಾಥ ಮಕ್ಕಳಿಗೆ ಮನೆ ಹುಡುಕುವುದು ಹೀಗೆ ವರ್ಷಕ್ಕೆ ಸುಮಾರು 60,000 ಜನರನ್ನು ತಲುಪುತ್ತಿತ್ತು. ಆದರೆ ಹಣದ ಬಹುಪಾಲು ಸರ್ಕಾರದ ಗುತ್ತಿಗೆಗಳಿಂದ ಬರುತ್ತಿತ್ತು. ನೆರೆಯವರ ಕಿಸೆಯಿಂದಲೂ ಗೆಳೆಯರ ದೇಣಿಗೆಯಿಂದಲೂ ಬರುವುದು ಕುಗ್ಗಿತ್ತು. ಸರ್ಕಾರದ ಕೈ ಬಿಗಿಯಾದಾಗ ಸಾಲ ಏರಿತು. 2012ರ ಜನವರಿಯಲ್ಲಿ, 122 ವರ್ಷ ನಡೆದ ಸಂಸ್ಥೆ ಬಾಗಿಲು ಹಾಕಿತು. ಸುಮಾರು 300 ನೌಕರರು ಕೆಲಸ ಕಳೆದುಕೊಂಡರು. ಇದನ್ನು ನಮ್ಮ ಖಜಾಂಚಿಯವರು ಎರಡು ಸಲ ಓದಬೇಕು. ಪ್ರತಿ ಕುಟುಂಬ ಕೊಡುವ ಐವತ್ತು ನೂರು ರೂಪಾಯಿ ದೊಡ್ಡ ಅನುದಾನದ ಮುಂದೆ ಜುಜುಬಿ ಎಂದು ಕಾಣುತ್ತದೆ. ಆದರೆ ಅನುದಾನ ನಿಂತ ವರ್ಷ ಶಿಬಿರ ನಡೆಯುವುದು ಆ ನೂರು ರೂಪಾಯಿಯಿಂದಲೇ.

ಹಲ್ ಹೌಸಿನ ಮಕ್ಕಳ ಬಗ್ಗೆ ಇಂದು ಇಷ್ಟು ಬರೆಯಲು ಆಗುತ್ತಿರುವುದಕ್ಕೆ ಕಾರಣ ಅವರು ಕಾಗದ ಎಸೆಯಲಿಲ್ಲ. ವರ್ಷ ವರ್ಷದ ಕರಪತ್ರ, ಕ್ಲಾಸುಗಳ ವೇಳಾಪಟ್ಟಿ, ನಾಟಕದ ಚಿತ್ರಗಳು ಅದೇ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿವೆ. ಕೇರಿಯನ್ನು ಕೆಡವಿದವರ ಕಪಾಟಿನಲ್ಲೇ ಕೇರಿಯ ನೆನಪು. ನಮ್ಮ ಶಿಬಿರದ ಮೊದಲ ವರ್ಷಗಳ ಹಾಜರಿ ಪುಸ್ತಕ ನಮ್ಮ ಬಳಿ ಇಲ್ಲ. ಮೊದಲ ನಾಟಕದ ಒಂದು ಒಳ್ಳೆಯ ಚಿತ್ರವೂ ಇಲ್ಲ. ಅವು ನಿಮ್ಮಲ್ಲಿ ಯಾರ ಮನೆಯಲ್ಲೋ ಮಂಚದ ಕೆಳಗಿನ ಪೆಟ್ಟಿಗೆಯಲ್ಲಿ, ಬೀರುವಿನ ಮೇಲಿನ ಸೂಟ್‌ಕೇಸಿನಲ್ಲಿ ಇರಬೇಕು: ಕರಪತ್ರ, ಮುಖವಾಡ ತೊಟ್ಟ ಫೋಟೋ, ಹಾಡಿನ ಕ್ಯಾಸೆಟ್ಟು. ದಯವಿಟ್ಟು ತೆಗೆದು ಕಚೇರಿಗೆ ತನ್ನಿ. ಪ್ರತಿ ಮಾಡಿಕೊಂಡು ಮೂಲವನ್ನು ನಿಮಗೇ ಮರಳಿಸುತ್ತೇವೆ. ಬರುವಾಗ ನಿಮ್ಮ ತಾಯಿಯವರನ್ನೂ ಕರೆದುಕೊಂಡು ಬನ್ನಿ.